ಕೈಯಲ್ಲಿ ಸಾಕಿದ ಕಥೆಯಲ್ಲಿ ಕೈಯೇ ಇಲ್ಲ

ನಮಸ್ಕಾರ,

ನಿಮ್ಮ ‘ಲವ್ ಬರ್ಡ್ಸ್: ಒಂದು ಪರಿಚಯ’ ಲೇಖನ ಬಂದು ಮೂರು ವಾರ ಆಯಿತು, ಉತ್ತರ ತಡವಾಯಿತು. ಮೊದಲೇ ಹೇಳಿಬಿಡುತ್ತೇನೆ, ಈಗ ಇರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ‘ಪ್ರಕಟಿಸಲು ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಯಾಕೆಂದರೆ ಕಾಸರಗೋಡಿನ ಬದಿಯಡ್ಕದ ಒಂದು ಮನೆಯ ಜಗಲಿಯಲ್ಲಿ, ಜುಲೈ ಮಳೆಯಲ್ಲಿ, ತಾಯಿಹಕ್ಕಿಯೇ ಪುಕ್ಕ ಕಿತ್ತು ಹಾಕುತ್ತಿದ್ದ ಮೂರು ಮರಿಗಳನ್ನು ಗೂಡಿನಿಂದ ತೆಗೆದು ಸಾಕಿದವರು ನೀವು. ಇದು ನನಗೆ ಗೊತ್ತಾದದ್ದು ಮೂರನೇ ಪುಟದ ಕೊನೆಯಲ್ಲಿ. ಅಲ್ಲಿಯವರೆಗೆ ಯಾವುದೋ ಶಾಲಾ ಪುಸ್ತಕ ಓದುತ್ತಿದ್ದೇನೆ ಅಂದುಕೊಂಡಿದ್ದೆ.

ನಿಮ್ಮ ವಾಕ್ಯಗಳನ್ನೇ ನೋಡಿ. ‘ಮರಿಗಳಿಗೆ ಆಹಾರವನ್ನು ನೀಡಲಾಗುತ್ತದೆ.’ ‘ಉಷ್ಣತೆಯನ್ನು ಕಾಪಾಡಲಾಗುತ್ತದೆ.’ ಯಾರು ನೀಡಿದ್ದು? ರಾತ್ರಿ ಎಷ್ಟು ಗಂಟೆಗೆ ಎದ್ದಿರಿ? ಸಿರಿಂಜಿನಲ್ಲಿ ಕೊಟ್ಟಿರೋ, ಅಂಚು ಮಡಚಿದ ಚಮಚದಲ್ಲೋ? ಕೈಯಲ್ಲಿ ಸಾಕಿದ ಬಗ್ಗೆ ಬರೆದ ಲೇಖನದಲ್ಲಿ ಕೈಯೇ ಕಾಣುವುದಿಲ್ಲ ಅಂದರೆ ಹೇಗೆ ಹೇಳಿ. ಶುರುವಿನಲ್ಲಿ ‘ಪ್ರಕೃತಿಯು ಮಾನವನಿಗೆ ನೀಡಿದ ಅಮೂಲ್ಯ ಕೊಡುಗೆ’ ಅಂತ ಇದೆಯಲ್ಲ, ಆ ಪ್ಯಾರಾ ಪೂರ್ತಿ ತೆಗೆಯಿರಿ. ನಾಯಿಗೂ ನಡೆಯುತ್ತದೆ, ನೇರಳೆ ಮರಕ್ಕೂ ನಡೆಯುತ್ತದೆ.

ಇನ್ನು ತಪ್ಪುಗಳು. ಇವು ನನಗೆ ಭಾಷೆಗಿಂತ ಜಾಸ್ತಿ ಮುಖ್ಯ, ಯಾಕೆಂದರೆ ಕಥೆಯಲ್ಲಿ ತಪ್ಪಾದರೆ ವಿಮರ್ಶಕರು ಬೈಯುತ್ತಾರೆ ಅಷ್ಟೆ, ಇಂಥ ಲೇಖನದಲ್ಲಿ ತಪ್ಪಾದರೆ ಮುಳ್ಳೇರಿಯದಲ್ಲೋ ಪೆರ್ಲದಲ್ಲೋ ಯಾರೋ ಒಬ್ಬರು ಅದನ್ನೇ ನಂಬಿ ಮರಿಯ ಬಾಯಿಗೆ ಹಾಕುತ್ತಾರೆ.

ಮೊದಲನೆಯದು ಹಕ್ಕಿ ಯಾವುದು ಅನ್ನುವುದೇ. ಒಂದನೇ ಪುಟದಲ್ಲಿ ಲವ್ ಬರ್ಡ್ಸ್ ಆಸ್ಟ್ರೇಲಿಯಾ ಮೂಲದ್ದು, ಎರಡನೇ ಪುಟದಲ್ಲಿ ಆಫ್ರಿಕಾದ್ದು. ಒಂದು ಕಡೆ ಮೊಟ್ಟೆ ಒಡೆಯಲು 18 ದಿನ, ಇನ್ನೊಂದು ಕಡೆ 23. ಏನಾಗಿದೆ ಗೊತ್ತಾ? ನಮ್ಮ ಕಡೆ ಪೇಟೆಯ ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಕೇಳಿದರೆ ಕೊಡುವುದು ಬಜ್ಜಿ, ಅಂದರೆ ಬಜರಿಗಾರ್. ಅದು ಆಸ್ಟ್ರೇಲಿಯಾದ್ದು, 18 ದಿನ ಅದರ ಲೆಕ್ಕ. ನಿಜವಾದ ಲವ್ ಬರ್ಡ್ ಬೇಕಾದರೆ ‘ಆಫ್ರಿಕನ್’ ಅಂತ ಸೇರಿಸಿ ಕೇಳಬೇಕು. ಅದರಲ್ಲಿ ಒಂಬತ್ತು ಜಾತಿ, ಎಂಟು ಆಫ್ರಿಕಾ ಖಂಡದವು, ಒಂದು ಮಡಗಾಸ್ಕರ್ ದ್ವೀಪದ್ದು. ನಿಮ್ಮ ಫೋಟೊದಲ್ಲಿ ಇರುವುದು ಹಸಿರು ಮೈ, ಗುಲಾಬಿ ಮುಖದ ಹಕ್ಕಿ. ನಮೀಬಿಯಾ, ಅಂಗೋಲಾ ಕಡೆಯ ಒಣ ನಾಡಿನದು. ಒಣ ನಾಡಿನ ಹಕ್ಕಿ ನಮ್ಮ ಆಟಿ ತಿಂಗಳ ಮಳೆಯ ಥಂಡಿಯಲ್ಲಿ ಮರಿ ಮಾಡಿದೆ, ಇದೇ ಒಂದು ಒಳ್ಳೆಯ ವಿಷಯ ಅಲ್ವಾ? ನೀವು ಎರಡು ಹಕ್ಕಿಗಳ ಮಾಹಿತಿಯನ್ನು ಎಲ್ಲೆಲ್ಲಿಂದಲೋ ತಂದು ಒಂದೇ ಪಾತ್ರೆಗೆ ಹಾಕಿ ಕಲಸಿದ್ದೀರಿ.

ಎರಡನೆಯದು, ‘ಉಗುರುಬೆಚ್ಚಗಿನ ಹಾಲಿನಲ್ಲಿ ಹಿಟ್ಟು ಕಲಸಿ ಹೊಟ್ಟೆ ತುಂಬಾ ಕೊಡಬೇಕು.’ ಒಂದು ವಾಕ್ಯದಲ್ಲಿ ಮೂರು ತಪ್ಪು. ಹಕ್ಕಿಗಳಿಗೆ ಹಾಲು ಜೀರ್ಣ ಆಗುವುದಿಲ್ಲ, ಹಾಲಿನ ಸಕ್ಕರೆ ಅವುಗಳ ಹೊಟ್ಟೆಗೆ ಆಗಿಬರುವುದಿಲ್ಲ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಆರನೇ ಕ್ಲಾಸಿನಲ್ಲಿ ಇರುವಾಗ ಮಾಡಿನಿಂದ ಬಿದ್ದ ಗುಬ್ಬಿ ಮರಿಗೆ ಹತ್ತಿಯಲ್ಲಿ ಅದ್ದಿ ಅದ್ದಿ ದನದ ಹಾಲು ಕುಡಿಸಿದವನು ನಾನು. ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಮರಿಗಳಿಗೆಂದೇ ಮಾಡಿದ ಪುಡಿ ಅಂಗಡಿಯಲ್ಲಿ ಸಿಗುತ್ತದೆ, ಕುದಿಸಿ ಆರಿಸಿದ ನೀರಿನಲ್ಲಿ ಕಲಸುವಂಥದ್ದು. ನೀವೂ ಅದನ್ನೇ ತಂದಿರಬೇಕು, ಫೋಟೊದ ಮೂಲೆಯಲ್ಲಿ ಡಬ್ಬಿ ಕಾಣುತ್ತಿದೆ. ಮತ್ತೆ ಹಾಲು ಅಂತ ಯಾಕೆ ಬರೆದಿರಿ?

ಉಗುರುಬೆಚ್ಚಗೆ ಸಾಕಾಗುವುದಿಲ್ಲ. ಹಿಟ್ಟು 39–40 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಾದರೆ, ನುಂಗಿದ್ದು ಮೊದಲು ಸೇರುವ ಗಂಟಲ ಚೀಲದಲ್ಲೇ ಉಳಿದು ಹುಳಿಯುತ್ತದೆ. ನಾಲ್ಕೈದು ಡಿಗ್ರಿ ಜಾಸ್ತಿಯಾದರೆ ಚೀಲ ಸುಡುತ್ತದೆ, ಸುಟ್ಟದ್ದು ಆವತ್ತೇ ಗೊತ್ತಾಗುವುದೂ ಇಲ್ಲ, ನಾಲ್ಕೈದು ದಿನ ಕಳೆದ ಮೇಲೆ ಎದೆಯ ಮೇಲಿನ ಚರ್ಮ ಕಪ್ಪಾಗಿ ತೂತು ಬಿದ್ದು ಹಿಟ್ಟು ಹೊರಗೆ ಬರುತ್ತದೆ. ಬೆರಳು ಅದ್ದಿ ನೋಡಿದರೆ ಸಾಲದು, ಥರ್ಮಾಮೀಟರ್ ಬೇಕು. ಮೈಕ್ರೋವೇವ್‌ನಲ್ಲಂತೂ ಬಿಸಿ ಮಾಡಲೇಬಾರದು, ಒಂದು ಮೂಲೆ ತಣ್ಣಗೆ, ಒಂದು ಮೂಲೆ ಕೆಂಡ. ಹೊಟ್ಟೆ ತುಂಬಾ ಅನ್ನುವುದಕ್ಕೂ ಲೆಕ್ಕ ಇದೆ. ಮೈತೂಕದ ಹತ್ತನೇ ಒಂದು ಪಾಲು, ಅಂದರೆ 30 ಗ್ರಾಂ ಮರಿಗೆ ಸುಮಾರು 3 ಎಂಎಲ್. ಹಿಂದಿನದು ಹೆಚ್ಚುಕಡಿಮೆ ಇಳಿದ ಮೇಲೆಯೇ ಮುಂದಿನದು. ದಿನಾ ಬೆಳಿಗ್ಗೆ ಚೀಲ ಖಾಲಿ ಇರುವಾಗ ತೂಕ ನೋಡಿದಿರಾ? ನೋಡಿದ್ದರೆ ಆ ತೂಕಗಳನ್ನು ಹಾಕಿ. ಒಂದು ಪ್ಯಾರಾ ಉಪದೇಶಕ್ಕಿಂತ ‘28, 30, 30, 29’ ಅನ್ನುವ ನಾಲ್ಕು ಅಂಕೆ ಓದುಗರ ಎದೆ ಹೊಡೆದುಕೊಳ್ಳುವ ಹಾಗೆ ಮಾಡುತ್ತದೆ.

ಈಗ ಆ ಒಂದು ಸಾಲಿಗೆ ಬರುತ್ತೇನೆ. ‘ದುರದೃಷ್ಟವಶಾತ್ ಒಂದು ಮರಿ ಉಳಿಯಲಿಲ್ಲ.’ ಇಷ್ಟೇ ಬರೆದು ಮುಂದಿನ ಸಾಲಿನಲ್ಲಿ ಪಂಜರದ ಅಳತೆಗೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಯಾಕೆ ಉಳಿಯಲಿಲ್ಲ? ಹಿಟ್ಟು ಬಿಸಿಯಾಗಿತ್ತಾ? ಅವಸರದಲ್ಲಿ ಸಿರಿಂಜ್ ಒತ್ತಿ ಶ್ವಾಸನಾಳಕ್ಕೆ ಹೋಯಿತಾ? ಮರಿಯ ಎಡಗಡೆಯಿಂದ ಬಲಕ್ಕೆ, ಅದು ತಲೆ ಕುಣಿಸಿ ಬೇಡುವಾಗಲೇ ಕೊಡಬೇಕು ಅಂತ ಹೇಳುವುದು ಇದೇ ಕಾರಣಕ್ಕೆ. ಇಲ್ಲಾ ಕರೆಂಟ್ ಹೋಗಿ ಚಳಿ ಹಿಡಿಯಿತಾ? 40 ವ್ಯಾಟ್ ಬಲ್ಬ್ ಹಾಕಿದ ರಟ್ಟಿನ ಪೆಟ್ಟಿಗೆ ಅಂತ ಬರೆದಿದ್ದೀರಿ. ಜುಲೈಯಲ್ಲಿ ನಮ್ಮ ಕಡೆ ಒಂದು ಗಾಳಿ ಬಂದರೆ ಸಾಕು, ಅಡಿಕೆ ಮರ ಲೈನ್ ಮೇಲೆ ಮಲಗುತ್ತದೆ. ಕಣ್ಣು ಬಿಡದ ಮರಿಗೆ 35 ಡಿಗ್ರಿ ಆಸುಪಾಸು ಬೇಕು, ಪುಕ್ಕ ಮೂಡಿದ ಹಾಗೆ ಇಳಿಸುತ್ತಾ ಬರಬಹುದು. ನಿಮ್ಮವು ಎರಡು ವಾರದ ಮರಿಗಳು, ಪುಕ್ಕವನ್ನು ತಾಯಿ ಕಿತ್ತಿತ್ತು, ಹಾಗಾಗಿ ಬಿಸಿ ಇಳಿಸುವ ಹಾಗಿರಲಿಲ್ಲ. ಆ ರಾತ್ರಿ ಅಜ್ಜಿ ಬಿಸಿನೀರಿನ ಬಾಟಲಿಗೆ ಬೈರಾಸು ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರು ಅಂತ ಒಂದೂವರೆ ಸಾಲು ಇದೆ. ಅಲ್ಲಿಂದ ಶುರು ಮಾಡಿ. ಅಜ್ಜಿ ಏನು ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ತುಳುವಿನಲ್ಲಾದರೆ ತುಳುವಿನಲ್ಲೇ ಇರಲಿ. ತಪ್ಪು ನಿಮ್ಮದೇ ಆಗಿದ್ದರೆ ಹಾಗೆಯೇ ಬರೆಯಿರಿ. ನಾನು ಗುಬ್ಬಿಯ ವಿಷಯ ಹೇಳಲಿಲ್ಲವಾ?

ಹಾಂ, ಆ ‘ಬೈರಾಸು’ ಪಕ್ಕದಲ್ಲಿ ಆವರಣ ಹಾಕಿ ‘ವಸ್ತ್ರ’ ಅಂತ ಬರೆದಿದ್ದೀರಿ. ತೆಗೆಯಿರಿ. ಕಾಸರಗೋಡಿನವರಿಗೆ ಗೊತ್ತು, ಧಾರವಾಡದವರು ಊಹಿಸಿಕೊಳ್ಳುತ್ತಾರೆ. ಹಾಗೆಯೇ ‘ಪಕ್ಷಿ ಶಾವಕ’ ಬೇಡ, ಮರಿ ಸಾಕು. ‘ಧಾನ್ಯ’ ಅಂತ ಬರೆಯುವ ಬದಲು, ಅಂಗಡಿಯಲ್ಲಿ ಮಲಯಾಳದಲ್ಲಿ ‘ತಿನ’ ಅಂತ ಕೇಳಿ ತಂದದ್ದು ನವಣೆ ಅಂತ ನಿಮಗೆ ಯಾವಾಗ ಗೊತ್ತಾಯಿತು, ಅದನ್ನು ಬರೆಯಿರಿ. ಮರಿಗಳು ಹಿಟ್ಟು ಬಿಟ್ಟು ನವಣೆ ತೆನೆ ಕಚ್ಚಲು ಕಲಿತ ದಿನಗಳ ಬಗ್ಗೆ ‘ಆರು ವಾರಕ್ಕೆ ತಾವಾಗಿ ತಿನ್ನುತ್ತವೆ’ ಅಂತ ಒಂದೇ ಸಾಲು. ತಾವಾಗಿ ತಿನ್ನುವುದಿಲ್ಲ, ಗಲೀಜು ಮಾಡುತ್ತವೆ, ಅರ್ಧ ಕಚ್ಚಿ ಎಸೆಯುತ್ತವೆ, ತೂಕ ಸ್ವಲ್ಪ ಇಳಿಯುತ್ತದೆ, ಸಾಕುವವರಿಗೆ ಭಯವಾಗುತ್ತದೆ. ಕೆಲವಕ್ಕೆ ಎಂಟು ವಾರವೂ ಬೇಕು.

ನಾಲ್ಕನೇ ಪುಟದಲ್ಲಿ ‘ಗಿಳಿಮರಿಯನ್ನೂ ಇದೇ ರೀತಿ ಸಾಕಬಹುದು’ ಅಂದಿದ್ದೀರಿ. ಖಂಡಿತ ಬೇಡ. ನಮ್ಮ ಊರಿನ ಗಿಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವುದೂ ಸಾಕುವುದೂ ಅಪರಾಧ. ನೆರೆಮನೆಯವರು ಪಂಜರ ನೋಡಿ, ಗಿಳಿಗೆ ಮಲಯಾಳದ ಹೆಸರು ಹಿಡಿದು ‘ಇದು ತತ್ತ ಅಲ್ವಾ, ಕೇಸ್ ಆಗುವುದಿಲ್ಲವಾ’ ಅಂತ ಕೇಳಿದ್ದನ್ನು ತಮಾಷೆಗೆ ಬರೆದಿದ್ದೀರಲ್ಲ, ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅಲ್ಲೇ ಎರಡು ಸಾಲಿನಲ್ಲಿ ಉತ್ತರ ಕೊಟ್ಟುಬಿಡಿ.

ಒಂದು ವಾಕ್ಯವನ್ನು ಮಾತ್ರ ಮುಟ್ಟಬೇಡಿ. ‘ಹೆಣ್ಣು ಹಕ್ಕಿ ತೆಂಗಿನ ಗರಿಯನ್ನು ಉದ್ದಕ್ಕೆ ಸೀಳಿ, ಸೊಪ್ಪಿಗೆ ಹೊರಟವರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಹಾಗೆ, ಬೆನ್ನಿನ ಪುಕ್ಕಕ್ಕೆ ಸಿಕ್ಕಿಸಿಕೊಂಡು ಗೂಡಿಗೆ ಹೋಗುತ್ತದೆ.’ ಗುಲಾಬಿ ಮುಖದ ಲವ್ ಬರ್ಡ್ ನಿಜವಾಗಿ ಹೀಗೇ ಮಾಡುತ್ತದೆ. ಇದನ್ನು ನೀವು ಎಲ್ಲಿಂದಲೂ ತಂದದ್ದಲ್ಲ, ಜಗಲಿಯಲ್ಲಿ ಕೂತು ನೋಡಿದ್ದು. ಓದಿ ನನಗೆ ಹೊಟ್ಟೆಕಿಚ್ಚಾಯಿತು.

ಸಾವಿರ ಪದದ ಒಳಗೆ ಮತ್ತೆ ಬರೆದು ಮೇ ತಿಂಗಳ ಒಳಗೆ ಕಳಿಸಿ, ಮಳೆಗಾಲದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಸ್ಟೀಲ್ ತಟ್ಟೆಯ ಮೇಲೆ ಮರಿ ಕೂತ ಫೋಟೊ ಬೇಡ. ಚೆನ್ನಾಗಿ ಬಂದಿದೆ ನಿಜ, ಆದರೆ ಕಾಲು ಎರಡು ಕಡೆಗೆ ಜಾರುತ್ತಿದೆ. ಮರಿಗಳನ್ನು ನುಣುಪಾದ ಜಾಗದಲ್ಲೇ ಇಟ್ಟರೆ ಕಾಲು ಹಾಗೇ ಸೊಟ್ಟಗಾಗಿಬಿಡುತ್ತದೆ, ಇದನ್ನು ನೋಡಿ ಉಳಿದವರೂ ತಟ್ಟೆಯಲ್ಲಿ ಕೂರಿಸುವುದು ಬೇಡ. ಕೊನೆಯಲ್ಲಿ ಒಂದು ಮಸುಕು ಫೋಟೊ ಇದೆಯಲ್ಲ, ಮರಿಯ ತಲೆ ಹಿಡಿದ ಹೆಬ್ಬೆರಳು, ಉಗುರಿನ ಸುತ್ತ ಒಣಗಿದ ಹಿಟ್ಟು, ಅದರ ಒರಿಜಿನಲ್ ಕಳಿಸಿ. ವಾಟ್ಸಾಪ್‌ನಲ್ಲಿ ಬೇಡ, ಮೇಲ್ ಮಾಡಿ.