ಹೊಸ ತೋಟಾ, ಹಳೆ ಕೋವಿ

ಕೋವಿ, ತೋಟಾಗಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮ ಅಳಿಯ ಅಮೆರಿಕದ ಮಾಂಟಾನಾದಲ್ಲಿದ್ದಾರೆ. ಅಲ್ಲಿ ಪರವಾನಗಿ ಪಡೆದು ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಹೋಗುತ್ತಾರೆ. ಹೊಸ ರೈಫಲ್ ಕೊಳ್ಳಲು ಹೋದರೆ ಅಂಗಡಿಯವನು ಹೊಸ ತೋಟಾ 7 ಎಂಎಂ ಪಿಆರ್‌ಸಿಯದು ತಗೊಳ್ಳಿ ಅನ್ನುತ್ತಾನಂತೆ, ಜೊತೆಗಾರರು ಹಳೆಯ .30-06 ಬಿಡಬೇಡ ಅನ್ನುತ್ತಾರಂತೆ. ಹೊಸದನ್ನು ಕೊಂಡು, ಹತ್ತು ವರ್ಷದ ಮೇಲೆ ತೋಟಾ ಸಿಗದೆ ರೈಫಲ್ ಮೂಲೆ ಸೇರಿದರೆ ಏನು ಗತಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಅಳಿಯಂದಿರು ಎಷ್ಟು ದೂರಕ್ಕೆ ಈಡು ಹೊಡೆಯುತ್ತಾರೆ ಎಂದು ನೀವು ಬರೆದಿಲ್ಲ. ಅರ್ಧ ಉತ್ತರ ಅದರಲ್ಲೇ ಇದೆ. 300 ಮೀಟರಿನೊಳಗಿನ ಜಿಂಕೆಗೆ 1906ರ .30-06 ಸಾಕೋ ಸಾಕು. ಹೊಸ ತೋಟಾಗಳ ಲಾಭ ಕಣ್ಣಿಗೆ ಕಾಣುವುದು 400 ಮೀಟರ್ ದಾಟಿದ ಮೇಲೆ, ಅದೂ ಗಾಳಿ ಅಡ್ಡ ಬೀಸುವಾಗ.

ಬಾಳಿಕೆಯ ವಿಚಾರಕ್ಕೆ ಬಂದರೆ, ಸತ್ತ ತೋಟಾಗಳು ಹೇಗೆ ಸತ್ತವು ಎಂದು ನೋಡುವುದೇ ಒಳ್ಳೆಯ ದಾರಿ. 1955ರಲ್ಲಿ ಎರಡು 6 ಎಂಎಂ ತೋಟಾಗಳು ಒಟ್ಟಿಗೇ ಮಾರುಕಟ್ಟೆಗೆ ಬಂದವು: ವಿಂಚೆಸ್ಟರ್‌ನ .243, ರೆಮಿಂಗ್ಟನ್‌ನ .244. ಮದ್ದು ಹಿಡಿಸುವುದರಲ್ಲಿ .244 ಒಂದು ಕೈ ಮೇಲೆಯೇ ಇತ್ತು. ಆದರೆ ರೆಮಿಂಗ್ಟನ್ ತನ್ನ ನಳಿಗೆಗೆ ಕೊಟ್ಟ ತಿರುಪು, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು, 12 ಇಂಚಿಗೆ ಒಂದು ಸುತ್ತು. ವಿಂಚೆಸ್ಟರ್ ಕೊಟ್ಟದ್ದು 10 ಇಂಚಿಗೆ ಒಂದು. ತಿರುಪು ಸಡಿಲವಾದಷ್ಟೂ ಉದ್ದನೆಯ ಗುಂಡು ವೇಗ ಸಾಲದ ಬುಗುರಿಯಂತೆ ತೂರಾಡುತ್ತದೆ. ಹೀಗಾಗಿ .244ಕ್ಕೆ 90 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನವರೆಗೆ ಮಾತ್ರ ಸಿಕ್ಕಿತು; ಜಿಂಕೆಗೆ 100 ಗ್ರೇನ್ ಬೇಕೆಂದವರು .243 ಹಿಡಿದು ಹೋದರು. ಆಮೇಲೆ ತಿರುಪು ಬಿಗಿ ಮಾಡಿದರು, 1963ರಲ್ಲಿ 6 ಎಂಎಂ ರೆಮಿಂಗ್ಟನ್ ಎಂದು ಹೆಸರನ್ನೂ ಬದಲಿಸಿದರು. ಅಷ್ಟರಲ್ಲಿ ಸಂತೆ ಮುಗಿದಿತ್ತು.

ಹೆಸರಿನಿಂದಲೇ ಕೆಟ್ಟದ್ದೂ ಇದೆ. 1957ರ .280 ರೆಮಿಂಗ್ಟನ್ ಒಳ್ಳೆಯ ತೋಟಾ. 1979ರಲ್ಲಿ ಅದನ್ನು 7 ಎಂಎಂ ಎಕ್ಸ್‌ಪ್ರೆಸ್ ಎಂದು ಕರೆದರು. ಪಕ್ಕದ ಕಪಾಟಿನಲ್ಲೇ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, ಹೆಚ್ಚು ಮದ್ದಿನ ಬೇರೆಯೇ ತೋಟಾ! ಗಿರಾಕಿಗಳು ಒಂದರ ಬದಲು ಇನ್ನೊಂದನ್ನು ಒಯ್ಯುವ ಅಪಾಯ ಎದುರಾಗಿ, ಕಂಪನಿ ಮತ್ತೆ ಹಳೆ ಹೆಸರಿಗೇ ಮರಳಿತು. 2001ರ ಸುಮಾರಿಗೆ ಗಿಡ್ಡ ದಪ್ಪ ಮ್ಯಾಗ್ನಮ್‌ಗಳ ಭರಾಟೆ ಬಂತು. ಒಂದೇ ಕೆಲಸಕ್ಕೆ ವಿಂಚೆಸ್ಟರ್‌ನದೊಂದು, ರೆಮಿಂಗ್ಟನ್‌ನದೊಂದು. ಇದ್ದ ಗಿರಾಕಿಗಳೇ ಹಂಚಿಹೋದರು. ವಿಂಚೆಸ್ಟರ್‌ನ .300 ಡಬ್ಲ್ಯುಎಸ್‌ಎಂ ಹೇಗೋ ಕಾಲೂರಿತು, ರೆಮಿಂಗ್ಟನ್‌ನದು ಮೂಲೆಗೆ ಸರಿಯಿತು. ಇನ್ನೂ ಗಿಡ್ಡದಾದ ಡಬ್ಲ್ಯುಎಸ್‌ಎಸ್‌ಎಂ ತೋಟಾಗಳು ಕುಂಬಳಕಾಯಿಯ ಹಾಗೆ ದಪ್ಪ. ತೋಟಾ ತುಂಬಿಡುವ ಮ್ಯಾಗಜೀನ್‌ನಿಂದ, ಅದು ಸಿಡಿಯುವ ನಳಿಗೆಯ ಬುಡದ ಚೇಂಬರಿಗೆ ನುಣ್ಣಗೆ ಜಾರಲೇ ಇಲ್ಲ. ಅವು ಹೆಚ್ಚು ಕಾಲ ನಡೆಯಲಿಲ್ಲ.

ಗೆದ್ದದ್ದು 6.5 ಕ್ರೀಡ್‌ಮೋರ್. 2007ರಲ್ಲಿ ಹಾರ್ನಡಿ ಕಂಪನಿ ತಂದದ್ದು. ಅದಕ್ಕೆ ಹತ್ತು ವರ್ಷ ಮೊದಲೇ, 1997ರಲ್ಲಿ, ಅದೇ 6.5 ಎಂಎಂ ಗುಂಡಿನ .260 ರೆಮಿಂಗ್ಟನ್ ಬಂದಿತ್ತು. ವೇಗದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಹಾಗಾದರೆ ಒಂದು ಯಾಕೆ ಓಡಿತು, ಇನ್ನೊಂದು ಯಾಕೆ ಕುಂಟಿತು? ಎರಡನ್ನೂ ಅಕ್ಕಪಕ್ಕ ಇಟ್ಟು ಕ್ಯಾಲಿಪರ್ ಹಿಡಿದು ಅಳೆದರೆ ಗೊತ್ತಾಗುತ್ತದೆ. .260ರ ಮದ್ದು ತುಂಬುವ ಹಿತ್ತಾಳೆ ಕೇಸು 51.7 ಮಿ.ಮೀ., ಗುಂಡೂ ಸೇರಿ ತೋಟಾದ ಗರಿಷ್ಠ ಉದ್ದ 71.1. ಕ್ರೀಡ್‌ಮೋರ್ ಕೇಸು 48.8, ಒಟ್ಟು ಉದ್ದ 71.8. ಅಂದರೆ ಕೇಸಿನ ಬಾಯಿಂದಾಚೆ ಗುಂಡು ಚಾಚಲು ಮೊದಲನೆಯದರಲ್ಲಿ 19.4 ಮಿ.ಮೀ., ಎರಡನೆಯದರಲ್ಲಿ 23. ಈ ಮೂರೂವರೆ ಮಿಲಿಮೀಟರಿನಲ್ಲೇ ಎಲ್ಲ ಇದೆ. ಗಾಳಿಯನ್ನು ಸೀಳುವ ಉದ್ದ ಮೂತಿಯ 140 ಗ್ರೇನ್ ಗುಂಡು ತೋಟಾ ಒಳತಳ್ಳುವ ಬೋಲ್ಟ್ ಗಿಡ್ಡದಾದ ರೈಫಲ್ಲಿನಲ್ಲೂ ಮದ್ದಿನ ಜಾಗ ಕಬಳಿಸದೆ ಕೂರುತ್ತದೆ. ಜೊತೆಗೆ ಮೊದಲ ದಿನದಿಂದಲೇ ನಳಿಗೆಗೆ 8 ಇಂಚಿಗೆ ಒಂದು ಸುತ್ತಿನ ತಿರುಪು; .260ರ ಹಲವು ರೈಫಲ್‌ಗಳಲ್ಲಿ ಇದ್ದದ್ದು 9. ತಿರುಪು, ಗುಂಡು, ಕೇಸು ಮೂರೂ ಒಬ್ಬರನ್ನೊಬ್ಬರು ಕೇಳಿಕೊಂಡೇ ಹುಟ್ಟಿದವು. ಹೊಡೆತದ ಜೋರಿನಲ್ಲಿ ಅದು .30-06ಕ್ಕಿಂತ ಕಮ್ಮಿಯೇ: ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ 3,000 ಜೂಲ್‌ಗಿಂತ ತುಸು ಹೆಚ್ಚು ಶಕ್ತಿ, 150 ಗ್ರೇನ್ ಗುಂಡಿನ .30-06ರದು 3,800ರ ಆಸುಪಾಸು. ಆದರೆ ಭುಜಕ್ಕೆ ಬೀಳುವ ಒದೆತವೂ ಮೂರನೇ ಒಂದು ಪಾಲಾದರೂ ಇಳಿಯುತ್ತದೆ. ಒದೆತಕ್ಕೆ ಹೆದರದವನ ಗುರಿ ತಪ್ಪುವುದು ಕಡಿಮೆ.

2022ರ 7 ಎಂಎಂ ಪಿಆರ್‌ಸಿ ಅದೇ ಲೆಕ್ಕದಲ್ಲಿ ಬಂದದ್ದು. .30-06ರಷ್ಟೇ ಉದ್ದದ ಬೋಲ್ಟಿನಲ್ಲಿ ಕೂರುತ್ತದೆ, ತಿರುಪು 8 ಇಂಚಿಗೆ ಒಂದು, 175–180 ಗ್ರೇನ್ ಗುಂಡಿಗಾಗಿಯೇ ಮಾಡಿದ್ದು. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ನ ತಿರುಪು ಒಂಬತ್ತು ಇಂಚು ದಾಟುತ್ತದೆ, ಕೇಸಿನ ಬುಡದ ಸುತ್ತ ಪಟ್ಟಿ ಬೇರೆ. ನಮ್ಮ ಅಂದಾಜಿನಲ್ಲಿ ಪಿಆರ್‌ಸಿ ನಿಲ್ಲುತ್ತದೆ. 2021ರ 6.8 ವೆಸ್ಟರ್ನ್ ಬಗ್ಗೆ ಅಷ್ಟು ಧೈರ್ಯ ಸಾಲದು.

ಅಳಿಯಂದಿರು ಮಾಡಬೇಕಾದದ್ದು ಇಷ್ಟು. ಊರಿನ ಮೂರು ಅಂಗಡಿಗಳಿಗೆ ಹೋಗಿ, ಆ ತೋಟಾದ ಡಬ್ಬಿ ಎಷ್ಟು ಬೇರೆ ಬೇರೆ ಕಂಪನಿಯವು ಇವೆ ಎಂದು ಎಣಿಸಲಿ. ಹುಟ್ಟಿಸಿದ ಕಂಪನಿಯದು ಮಾತ್ರ ಇದ್ದರೆ ಕಾಯಲಿ. ಮೂರ್ನಾಲ್ಕು ಕಂಪನಿಯವು ಇದ್ದರೆ ಭಯವಿಲ್ಲ. ಕೊಂಡ ದಿನವೇ ಒಂದೇ ಲಾಟ್ ನಂಬರಿನ (ಒಂದೇ ಕಂತಿನಲ್ಲಿ ತಯಾರಾದ), 20ರ ಹತ್ತು ಡಬ್ಬಿ ತಂದಿಡಲಿ. ವರ್ಷಕ್ಕೆ ಗುರಿ ಹೊಂದಿಸಲು, ಅಭ್ಯಾಸಕ್ಕೆ, ಬೇಟೆಗೆ ಎಂದು 40 ಖರ್ಚಾದರೂ ಐದು ವರ್ಷ ಬರುತ್ತದೆ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು, ಸ್ಕೋಪ್ ಮತ್ತೆ ಹೊಂದಿಸಬೇಕು. ಬೇಟೆಯ ದೂರ 300 ಮೀಟರ್ ದಾಟದಿದ್ದರೆ ಜೊತೆಗಾರರ ಮಾತನ್ನೇ ಕೇಳಲಿ.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಇಶಾಪುರ ಸರ್ಕಾರಿ ಕಾರ್ಖಾನೆಯ .315 ರೈಫಲ್ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ಇದರ ನಳಿಗೆ ತೆಗೆಸಿ ಹೊಸ ಬೋರಿಗೆ (ನಳಿಗೆಯ ಒಳ ಅಳತೆಗೆ) ಮಾಡಿಸಬಹುದೇ? ತೋಟಾ ತುಂಬಿದರೆ ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ.
– ಓದುಗರು, ಹೊಳಲ್ಕೆರೆ

ಉತ್ತರ: ಬೇಡ. ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದು ಆ ಬೋರು, ಆ ನಂಬರು. ಪರವಾನಗಿ ಇಲ್ಲದವರು ಕೋವಿಯನ್ನು ಮಾರ್ಪಡಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ನಮ್ಮಲ್ಲಿ ಯಾವ ತೋಟಾ ಬಾಳಬೇಕು ಎಂದು ತೀರ್ಮಾನಿಸುವುದು ಗುಂಡಿನ ವೇಗ ಅಲ್ಲವೇ ಅಲ್ಲ. ಬ್ರಿಟಿಷರು ಸೈನ್ಯದ .303 ತೋಟಾ ಜನರ ಕೈಗೆ ಹೋಗಬಾರದೆಂದು ಬೇರೆ ಬೋರುಗಳನ್ನು ಬಳಕೆಗೆ ಬಿಟ್ಟರು. ಆಸ್ಟ್ರಿಯಾದ ಹಳೆಯ 8 ಎಂಎಂ ಮ್ಯಾನ್ಲಿಕರ್ ಕೇಸಿನ ಮೇಲೆ ನಿಂತ .315 ಅವುಗಳಲ್ಲೊಂದು. ಭಾರದ ಗುಂಡು, ಮಂದ ವೇಗ. ಅಮೆರಿಕದ ಸಂತೆಯಲ್ಲಾದರೆ ಎಂದೋ ಮಾಯವಾಗುತ್ತಿತ್ತು. ಇಲ್ಲಿ ಪುಣೆಯ ಖಡ್ಕಿ ಕಾರ್ಖಾನೆಯ ತೋಟಾ, ಇಶಾಪುರದ ರೈಫಲ್, ಲೈಸೆನ್ಸ್ ಪುಸ್ತಕ ಮೂರೂ ಕೂಡಿ ಅದನ್ನು ಉಳಿಸಿವೆ.

ಸಿಕ್ಕಿಕೊಳ್ಳುವುದಕ್ಕೆ ಕಾರಣ ಬಹುಪಾಲು ಹೀಗೆ: .315 ತೋಟಾದ ಬುಡದಲ್ಲಿ ಹೊರಚಾಚಿದ ಅಂಚು ಇದೆ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಮೇಲಿನದರ ಅಂಚು ಕೆಳಗಿನದನ್ನೂ ಎಳೆದುಕೊಂಡು ಬಂದು ಎರಡೂ ಜಾಮ್. ಒಂದೊಂದೇ ತೋಟಾವನ್ನು ಹೆಬ್ಬೆರಳಲ್ಲಿ ಒತ್ತಿ, ಹಿಂದಕ್ಕೆ ಜಾರದಂತೆ ನೋಡಿಕೊಂಡು ತುಂಬಿ. ಆದರೂ ನಿಲ್ಲದಿದ್ದರೆ ಮ್ಯಾಗಜೀನ್‌ನ ಮೇಲಿನ ತುಟಿ ಬಾಗಿದೆಯೇ ಎಂದು ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ; ಇಕ್ಕಳ ಹಿಡಿದು ನೀವೇ ಬಗ್ಗಿಸಬೇಡಿ.

ಅಜ್ಜನ ಕಾಲದ ತೋಟಾಗಳೂ ಇದ್ದರೆ ಬುಡದ ಮುದ್ರೆ ನೋಡಿ: ಕೆಎಫ್ ಎಂದರೆ ಕಿರ್ಕೀ, ಅಂದರೆ ಖಡ್ಕಿ. ಹಸಿರು ಕಿಲುಬು ಹಿಡಿದದ್ದು, ಕುತ್ತಿಗೆ ಬಿರುಕು ಬಿಟ್ಟದ್ದು, ಬೆರಳಲ್ಲಿ ತಿರುವಿದರೆ ಗುಂಡು ಅಲುಗುವುದು, ಇವನ್ನೆಲ್ಲ ಹಾರಿಸದೆ ಬೇರೆ ಇಡಿ. ಟ್ರಿಗರ್ ಎಳೆದರೂ ಈಡು ಆಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಎಣಿಸಿ, ಆಮೇಲೆ ಬೋಲ್ಟ್ ತೆಗೆಯಿರಿ. ಹಳೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಢಂ ಎನ್ನುವ ಬದಲು ಪುಸ್ ಎಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು, ಹಿಂದಿನಿಂದ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಮದ್ದಿಗೆ ಕಿಡಿ ಕೊಡುವ ಹಳೆ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಹಾರಿಸಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ. ಅದು ಎಣ್ಣೆಗೆ ಹೋಗುವುದಿಲ್ಲ, ನೀರಿಗೆ ಹೋಗುತ್ತದೆ. ಅದೇ ದಿನ ಕುದಿಯುವ ನೀರು ಹಾಯಿಸಿ, ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಎಣ್ಣೆ.

ಪ್ರಶ್ನೆ: ಅಡಿಕೆ ತೋಟಕ್ಕೆಂದು ಲೈಸೆನ್ಸ್ ಇರುವ ಹಳೆ ಇಂಗ್ಲಿಷ್ ಜೋಡುನಳಿಗೆ 12 ಬೋರ್ ಇದೆ. ಈಗ ಅಂಗಡಿಯಲ್ಲಿ ಸಿಗುವ ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ. ಹಾಕಬಹುದಲ್ಲವೇ?
– ಓದುಗರು, ಚನ್ನಗಿರಿ

ಉತ್ತರ: ಒಳಗೆ ಹೋಯಿತೆಂದು ಹಾಕಬೇಡಿ. ಮೋಸ ಇರುವುದೇ ಅಲ್ಲಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಚೇಂಬರ್ ಎರಡೂವರೆ ಇಂಚು, ರೂಢಿಯಲ್ಲಿ 65 ಮಿ.ಮೀ. ಎನ್ನುವುದು. ಈಗಿನ ಸಾಮಾನ್ಯ ತೋಟಾ 70 ಮಿ.ಮೀ. ಆದರೆ ಆ 70 ಎನ್ನುವುದು ಹಾರಿಸಿದ ಮೇಲಿನ ಉದ್ದ. ಬಾಯಿ ಮಡಿಚಿಟ್ಟ ಹೊಸ ತೋಟಾ ಅದಕ್ಕಿಂತ ಗಿಡ್ಡ, ಸಲೀಸಾಗಿ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿ ಚೇಂಬರಿನಾಚೆ ನಳಿಗೆ ಕಿರಿದಾಗುವ ಜಾಗಕ್ಕೆ ನುಗ್ಗಿ ಚರೆಗೆ ಅಡ್ಡ ನಿಲ್ಲುತ್ತದೆ, ಒತ್ತಡ ಏರುತ್ತದೆ. ತೋಟಾ ಹಾಕುವಾಗಿನಂತೆ ಕೋವಿಯನ್ನು ಮಡಿಸಿ ತೆರೆದು ನಳಿಗೆಯ ಅಡಿಭಾಗದ ಮುದ್ರೆಗಳನ್ನು ಓದಿ: 2½ ಅಥವಾ 65 ಎಂದಿದ್ದರೆ ಅಷ್ಟೇ ಉದ್ದದ ತೋಟಾ. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಬಳ್ಳಿಯಂಥ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಬಹುಮಟ್ಟಿಗೆ ಕರಿಮದ್ದಿನ ಕಾಲದ್ದು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ನೋಡಿದ್ದೀರಲ್ಲ, ಅದೇ ಜಾತಿಯ ಮದ್ದು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಅದಕ್ಕೆ ಹಾಕಲೇಬೇಡಿ, ಗೋಡೆಗೆ ಚೆಂದ.

ಮನೆಯಲ್ಲಿ 20 ಬೋರ್ ಕೂಡ ಇದ್ದರೆ ತೋಟಾಗಳನ್ನು ಒಂದೇ ಚೀಲದಲ್ಲಿ ಇಡಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಚೇಂಬರ್ ಖಾಲಿ ಕಾಣುತ್ತದೆ. ಅದರ ಹಿಂದೆ 12 ಹಾಕಿ ಹಾರಿಸಿದರೆ ಎಡಗೈ ಹಿಡಿದ ಜಾಗದಲ್ಲೇ ನಳಿಗೆ ಸಿಡಿಯುತ್ತದೆ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಹಂದಿ ಕಾಟ ವಿಪರೀತ. ಯಾವ ತೋಟಾ ಒಳ್ಳೆಯದು?
– ಓದುಗರು, ಜಗಳೂರು

ಉತ್ತರ: ತೋಟಾಕ್ಕಿಂತ ಮೊದಲು ಕಾಗದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ; ಬೆಳೆ ಕಾಯಲು ಕೋವಿ ಲೈಸೆನ್ಸ್ ಇದೆ ಎಂಬುದು ಬೇಟೆಗೆ ಅನುಮತಿಯಲ್ಲ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆ) ಧಾಮ ಇದೆ, ಮಬ್ಬುಗತ್ತಲಲ್ಲಿ ಹಂದಿ ಯಾವುದು ಕೊಂಡುಕುರಿ ಯಾವುದು ತಿಳಿಯುವುದಿಲ್ಲ. ಹಾಳಾದ ಬೆಳೆಯ ಫೋಟೊ, ಪಹಣಿ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಸಿಡಿಮದ್ದು, ಕರೆಂಟ್ ತಂತಿ ಎರಡೂ ಜೈಲಿನ ದಾರಿ. ತಂತಿಗೆ ಹಂದಿಗಿಂತ ಮೊದಲು ಪಕ್ಕದ ಹೊಲದವರೇ ಸಿಕ್ಕಾರು.

ಪ್ರಶ್ನೆ: ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆಯುತ್ತೇವೆ. ಇಷ್ಟು ಹಳೆಯ ತೋಟಾವನ್ನು ಯಾರೂ ಬದಲಿಸಲಿಲ್ಲವೇ? ಖಾಲಿ ಟ್ರಿಗರ್ ಎಳೆದರೆ ಬೈಯುತ್ತಾರೆ, ಯಾಕೆ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: .22 ಲಾಂಗ್ ರೈಫಲ್ 1887ರದು. ಅಗ್ಗ, ಸದ್ದು ಕಡಿಮೆ, ಒದೆತ ಇಲ್ಲವೆನ್ನಬಹುದು. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯೂ ಇದರದೇ. ಇದಕ್ಕಿಂತ ವೇಗದ ಸಣ್ಣ ತೋಟಾಗಳು ಬಂದಿವೆ, ಬೆಲೆಯಲ್ಲಿ ಇದನ್ನು ಮುಟ್ಟಲಾಗಿಲ್ಲ. ಬೈಗುಳಕ್ಕೆ ಕಾರಣ ಇದು: ಈ ತೋಟಾಕ್ಕೆ ನಡುವೆ ಕೇಪು ಇಲ್ಲ, ಹೊತ್ತುವ ಪುಡಿ ಬುಡದ ಅಂಚಿನೊಳಗೇ ಇರುತ್ತದೆ. ಆದ್ದರಿಂದ ಪಿನ್ನು ಬಡಿಯುವುದೂ ಅಂಚಿಗೇ. ತೋಟಾ ಇಲ್ಲದಿದ್ದಾಗ ಅದು ನೇರವಾಗಿ ಚೇಂಬರಿನ ಉಕ್ಕಿನ ಬಾಯಿಗೆ ಬಡಿಯಬಹುದು. ದಿನಕಳೆದಂತೆ ಅಲ್ಲಿ ತಗ್ಗು ಬಿದ್ದು ತೋಟಾ ಸಲೀಸಾಗಿ ಒಳಗೆ ಹೋಗದು, ಪಿನ್ನಿನ ತುದಿಯೂ ಮೊಂಡಾಗಿ ಈಡು ತಪ್ಪುತ್ತದೆ. ಟ್ರಿಗರ್ ಅಭ್ಯಾಸ ಮಾಡಲೇಬೇಕಿದ್ದರೆ ಉಸ್ತಾದರನ್ನು ಕೇಳಿ, ಪ್ಲಾಸ್ಟಿಕ್ಕಿನ ಡಮ್ಮಿ ತೋಟಾ ಹಾಕಿಸಿಕೊಂಡು ಮಾಡಿ.