ಕೀಮೋದಿಂದ ಕಪ್ಪಾದ ಉಗುರಿಗೆ ಮೆಹಂದಿ ಹಚ್ಚಬಹುದೇ?

ಅಮ್ಮನಿಗೆ ಕೀಮೋ ನಡೆಯುತ್ತಿದೆ, ಉಗುರೆಲ್ಲ ಕಪ್ಪಾಗಿದೆ, ಮದುವೆಮನೆಯಲ್ಲಿ ಕಾಣದಂತೆ ಮೆಹಂದಿ ಹಚ್ಚಲೇ ಎಂದು ಕೇಳಿದ್ದೀರಿ. ನನ್ನ ಕೈಯೂ ಹಾಗೇ ಆಗಿತ್ತು. ಸ್ತನ ಕ್ಯಾನ್ಸರ್‌ಗೆ ಮೊದಲು ಆ ಕೆಂಪು ಔಷಧಿ, ಡಾಕ್ಸೊರುಬಿಸಿನ್, ಕೊಟ್ಟಾಗ ಉಗುರು ಕಪ್ಪಾಯಿತು. ಆಮೇಲೆ ಡೋಸಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಶುರುವಾದಾಗ ಅಡ್ಡಗೆರೆ ಬಿದ್ದವು, ಮುಟ್ಟಿದರೆ ನೋವು. ಕೊನೆಗೆ ಹೆಬ್ಬೆರಳ ಉಗುರು ತುದಿಯಿಂದ ಮೇಲೆದ್ದಿತು.

ಎದ್ದ ಉಗುರಿನಡಿ ಕೊಳೆ ಕೂತಿತ್ತು. ಪಾತ್ರೆ ತೊಳೆದು ಬಂದವಳು ಪಿನ್ನಿನಿಂದ ಅದನ್ನು ಕೆರೆದು ತೆಗೆದೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಆ ಸಂದಿಗೆ ಹೋದ ನೀರು ಒಣಗುವುದಿಲ್ಲ, ಒದ್ದೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕೆರೆದರೆ ಗಟ್ಟಿಯಾಗಿ ಅಂಟಿದ್ದ ಭಾಗವೂ ಬಿಟ್ಟುಕೊಳ್ಳುತ್ತದೆ, ಒಳಗಿನ ಮೆತ್ತನೆ ಚರ್ಮ ಗಾಯವಾಗುತ್ತದೆ. ಕೀಮೋ ಆಗಿ ಒಂದೆರಡು ವಾರದೊಳಗೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ನಾನು ಪಿನ್ನು ಹಿಡಿದದ್ದು ಸರಿಯಾಗಿ ಆಗಲೇ. ಕೀವಾಯಿತು, ಚಳಿಜ್ವರ ಬಂತು, ಆಸ್ಪತ್ರೆ ಸೇರಿ ಆಂಟಿಬಯಾಟಿಕ್ ಡ್ರಿಪ್ ಹಾಕಿಸಿಕೊಂಡೆ. ಮುಂದಿನ ಸುತ್ತಿನ ಕೀಮೋ ಮುಂದಕ್ಕೆ ಹೋಯಿತು. ಟ್ಯೂಮರಿಗೆ ಬೀಳಬೇಕಿದ್ದ ಔಷಧಿ ಒಂದು ಉಗುರಿನಿಂದಾಗಿ ತಡವಾಯಿತಲ್ಲ ಎಂಬ ಸಂಕಟ ಈಗಲೂ ಇದೆ.

ಹಾಗಾಗಿ ಮೆಹಂದಿ ಬೇಡ. ಮುಚ್ಚುವ ಯೋಚನೆಯೇ ಬೇಡ. ಬಣ್ಣದಡಿ ಉಗುರಿನ ಸುತ್ತ ಕೆಂಪಾದದ್ದು, ಕೀವು ಕಟ್ಟಿದ್ದು ಕಾಣುವುದಿಲ್ಲ. ಕಪ್ಪು ಮೆಹಂದಿಯಲ್ಲಂತೂ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಚರ್ಮ ಸುಟ್ಟಂತೆ ಬೊಬ್ಬೆ ಏಳಬಹುದು. ಇನ್ನು ಉಗುರು ಬರೀ ಕಪ್ಪಾಗಿದ್ದರೆ ಅದರಿಂದ ಅಪಾಯವಿಲ್ಲ. ಕೀಮೋ ಮುಗಿದ ಮೇಲೆ ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆದು ಆರು ತಿಂಗಳಲ್ಲಿ ಹೊಸದಾಗುತ್ತದೆ, ಕಾಲಿನದಕ್ಕೆ ವರ್ಷ ದಾಟುತ್ತದೆ. ಯಾವ ಎಣ್ಣೆಯೂ ಇದನ್ನು ಅವಸರಪಡಿಸದು.

ನೀವು ಕೇಳಬೇಕಾದ್ದು ಬೇರೆ. ಅಮ್ಮನಿಗೆ ಡೋಸಿಟ್ಯಾಕ್ಸೆಲ್ ಇನ್ನೂ ಬಾಕಿ ಇದ್ದರೆ, ಡ್ರಿಪ್ ಹೋಗುವಾಗ ಐಸ್ ಗ್ಲೌಸ್ (ಹೆಪ್ಪುಗಟ್ಟಿಸಿದ ಕೈಗವಸು) ಹಾಕಬಹುದೇ ಎಂದು ಡಾಕ್ಟರನ್ನು ಕೇಳಿ. ತಣ್ಣಗಾದರೆ ರಕ್ತನಾಳ ಕುಗ್ಗಿ ಉಗುರಿನ ಬುಡಕ್ಕೆ ಔಷಧಿ ಕಡಿಮೆ ಹೋಗುತ್ತದೆ. 2005ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ 45 ಮಂದಿ ಒಂದೇ ಕೈಗೆ ಹಾಕಿಕೊಂಡಿದ್ದರು: ಉಗುರಿನ ತೊಂದರೆ ಬರಿಗೈಯಲ್ಲಿ ಶೇ. 51, ಗ್ಲೌಸಿನ ಕೈಯಲ್ಲಿ ಶೇ. 11. ನನಗೆ ಇದು ಮೊದಲೇ ಗೊತ್ತಿರಲಿಲ್ಲ.

ಉಗುರು ಗಿಡ್ಡ ಇರಲಿ, ಪಾತ್ರೆ ಬೇರೆಯವರು ತೊಳೆಯಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಅಷ್ಟು ಜನರ ನಡುವೆ ಮದುವೆಗೆ ಕರೆದೊಯ್ಯುವ ಮುಂಚೆ ಅಮ್ಮನ ಬಿಳಿ ರಕ್ತಕಣಗಳ ಕೌಂಟ್ ಎಷ್ಟಿದೆ ಅನ್ನುವುದನ್ನೂ ಕೇಳಿಕೊಳ್ಳಿ.