ರಟ್ಲೆಂಡ್‌ನಲ್ಲಿ ಹುಡುಗಿಯರ ಚೆಸ್ ತಂಡ ಕಟ್ಟಹೊರಟವರಿಗೆ

ಮೈಸೂರಿನಿಂದ ರಟ್ಲೆಂಡ್ ಕೌಂಟಿಯ ಓಕಮ್ ಊರಿಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ, ಹತ್ತು ವರ್ಷದ ಮಗಳು ಜೊತೆಗೆ ಆಡುವವರಿಲ್ಲದೆ ಮಂಕಾಗಿದ್ದಾಳೆ, ರಟ್ಲೆಂಡ್ ಹೆಸರಿನಲ್ಲಿ ಹುಡುಗಿಯರದೇ ಚೆಸ್ ತಂಡ ಕಟ್ಟಲಾದೀತೇ ಎಂದು ಕೇಳಿದ್ದೀರಿ. ಆಗುತ್ತದೆ. ಮನೆಯ ವಿಚಾರವನ್ನೂ ರಾಗಿ ಹಿಟ್ಟಿನ ವಿಚಾರವನ್ನೂ ಕೇಳಿದ್ದೀರಿ: ಮನೆಯನ್ನು ರೈಲು ನಿಲ್ದಾಣದ ಸಮೀಪ ಹಿಡಿಯಿರಿ, ಹಿಟ್ಟು ಅರ್ಧ ಗಂಟೆ ದೂರದ ಲೆಸ್ಟರ್‌ನಲ್ಲಿ ಸಿಗುತ್ತದೆ.

ಇಂಗ್ಲೆಂಡಿನ ಐತಿಹಾಸಿಕ ಕೌಂಟಿಗಳಲ್ಲಿ ರಟ್ಲೆಂಡೇ ಅತಿ ಚಿಕ್ಕದು. 2021ರ ಜನಗಣತಿಯಲ್ಲಿ ಸುಮಾರು 41 ಸಾವಿರ ಜನ. 1974ರಲ್ಲಿ ಲೆಸ್ಟರ್‌ಶೈರ್‌ಗೆ ಸೇರಿಹೋಗಿ 1997ರಲ್ಲಿ ಮತ್ತೆ ಪ್ರತ್ಯೇಕವಾದ ನಾಡಾದ್ದರಿಂದ ಹೆಸರಿನ ಅಭಿಮಾನ ಇಲ್ಲಿ ಬಹಳ. ಚೆಸ್‌ನಲ್ಲಿ ಮಾತ್ರ ಎರಡು ಕೌಂಟಿಗಳಿಗೂ ಒಂದೇ ಸಂಘವಿದೆ. ಮೊದಲು ಅವರೊಡನೆ ಮಾತನಾಡಿ. ಹಿಂದೆ ನಡೆಸುತ್ತಿದ್ದ ನಮ್ಮ ಹುಡುಗಿಯರ ತಂಡದ ಹಸಿರು ಅಂಗಿಗಳ ಮೇಲೆ ನಾನು ಚಿನ್ನದ ಬಣ್ಣದ ಕುದುರೆ ಲಾಳ ಹಾಕಿಸಿದ್ದೆ. ಕೌಂಟಿಯ ಬಾವುಟದಲ್ಲಿರುವುದು ಲಾಳ, ಓಕಮ್ ಕೋಟೆಯ ಗೋಡೆಗಳ ತುಂಬ ಇರುವುದೂ ಲಾಳ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟುವ ನಡೆಯ ಬಂಧಗಳನ್ನು ರಚಿಸಿದ ಊರಿನಿಂದ ಬಂದ ನನಗೆ ಅದಕ್ಕಿಂತ ಒಪ್ಪುವ ಗುರುತು ತೋಚಲಿಲ್ಲ.

ಆಟ ಕಲಿಸುವುದು ಕಷ್ಟವಲ್ಲ, ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ಮರಳಿ ಮುಟ್ಟಿಸುವುದು ಕಷ್ಟ. 2014ರ ನವೆಂಬರ್‌ನ ಒಂದು ಭಾನುವಾರ ಅಭ್ಯಾಸ ಮುಗಿಯುವ ಹೊತ್ತಿಗೆ ಕತ್ತಲಾಗಿ ಮಳೆ ಹಿಡಿದಿತ್ತು. ನಾಲ್ಕನೆಯ ಬೋರ್ಡಿನ ಹುಡುಗಿ, ಹೊಡೆದ ಕಾಯಿಗಳನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದವಳು, ಬಾಗಿಲ ಬಳಿ ಒಬ್ಬಳೇ ನಿಂತಿದ್ದಳು. ಮೈಸೂರಿನ ನಮ್ಮ ಬೀದಿಯಲ್ಲಾಗಿದ್ದರೆ ಮನೆಯವರನ್ನು ಯಾರು ತಾನೇ ಕೇಳುತ್ತಿದ್ದರು? ಅವಳನ್ನು ನನ್ನ ಮಗಳ ಪಕ್ಕದಲ್ಲಿ ಕೂರಿಸಿ, ಕೈಗೆ ಎರಡು ಚಕ್ಕುಲಿ ಕೊಟ್ಟು, ಮನೆಗೆ ಬಿಟ್ಟುಬಂದೆ. ತಾಯಿ ಆಗಲೇ ಕಾರು ತೆಗೆದುಕೊಂಡು ಸಭಾಭವನಕ್ಕೆ ಹೊರಟಿದ್ದರಂತೆ; ಅಲ್ಲಿ ದೀಪ ಆರಿ ಬೀಗ ಬಿದ್ದಿರುವುದನ್ನು ಕಂಡು ಅವರಿಗೆ ಏನೆನ್ನಿಸಿರಬಹುದೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಮರುದಿನ ಫೋನಿನಲ್ಲಿ ಸೌಜನ್ಯದಿಂದಲೇ ಮಾತನಾಡಿ, ಒಂದು ಮಾತು ಕೇಳಬಹುದಿತ್ತು ಎಂದರು. ಹುಡುಗಿ ಮತ್ತೆ ಬರಲಿಲ್ಲ.

ಆದ್ದರಿಂದ ಮೊದಲ ದಿನವೇ ತಂದೆತಾಯಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಅವರ ಫೋನ್ ಸಂಖ್ಯೆಗಳನ್ನು ಹತ್ತಿರವಿಟ್ಟುಕೊಳ್ಳಿ, ಮಕ್ಕಳೊಡನೆ ಕೆಲಸ ಮಾಡುವವರಿಗೆ ನಡೆಸುವ ಡಿಬಿಎಸ್ ಎಂಬ ಅಪರಾಧ ಹಿನ್ನೆಲೆಯ ತಪಾಸಣೆಯನ್ನು ಮಾಡಿಸಿಕೊಳ್ಳಿ, ಕೊನೆಯ ಮಗು ಹೋಗುವವರೆಗೆ ದೊಡ್ಡವರಿಬ್ಬರು ಇರುವಂತೆ ನೋಡಿಕೊಳ್ಳಿ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಮುಜುಗರಕ್ಕೆ ಅಂಜಿ ಆ ತಾಯಿಗೆ ಎರಡು ಸಾಲಿನ ಕ್ಷಮಾಪಣೆ ಬರೆಯದೆ ಉಳಿದೆನಲ್ಲ, ಅದು ಈಗಲೂ ಚುಚ್ಚುತ್ತದೆ. ಬರೆದಿದ್ದರೆ ಹುಡುಗಿ ಬಂದೇ ಬರುತ್ತಿದ್ದಳೇನೋ.

ನಾಲ್ಕು ಗಡಿಯಾರ, ಎರಡು ಪೆಟ್ಟಿಗೆ ಕಾಯಿ ನನ್ನ ಅಟ್ಟದಲ್ಲಿವೆ. ಯಾವ ಭಾನುವಾರ ಸೇರುತ್ತೀರೆಂದು ತಿಳಿಸಿದರೆ ತಂದುಕೊಡುತ್ತೇನೆ. ಹಸಿರು ಅಂಗಿಯೂ ಒಂದಿದೆ, ಮಡಿಕೆ ಬಿಚ್ಚದ್ದು. ನಿಮ್ಮ ಮಗಳಿಗೆ ಸ್ವಲ್ಪ ದೊಡ್ಡದಾದೀತು.